ಉಂಡ ಮನೆಗೆ ಬಿಲ್ಲು

ನಮ್ಮ ಯಜಮಾನರ ಹನ್ನೊಂದನೇ ದಿನದ ತಿಥಿ ಮುಗಿದ ಮಾರನೆಯ ಬೆಳಿಗ್ಗೆ ನಾನು ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಅವರ ಅಂಗಡಿಯ ಬಾಗಿಲು ತೆಗೆದೆ. ನೆಂಟರು ಇನ್ನೂ ಮನೆಯಲ್ಲೇ ಇದ್ದರು. ಇಷ್ಟು ಬೇಗ ಏನವಸರ ಎಂದು ಒಬ್ಬರು ಕೇಳಿದರು. ತಿಂಗಳ ಕೊನೆ ಬಂದಿದೆ, ಬಿಲ್ಲುಗಳು ಹೋಗಬೇಕು ಎಂದೆ. ನಿಜವೂ ಅದೇ ಆಗಿತ್ತು. ಬೇರೆ ಕಾರಣ ಹುಡುಕಿದ್ದರೂ ನನಗೆ ಸಿಗುತ್ತಿರಲಿಲ್ಲ.

ಅದು ಸಾಮಾನು ಮಾರುವ ಅಂಗಡಿಯಲ್ಲ, ಕಂಪ್ಯೂಟರ್ ಇಟ್ಟುಕೊಂಡವರ ಕಂಪ್ಯೂಟರ್ ನೋಡಿಕೊಳ್ಳುವ ಅಂಗಡಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಕಡೆಯೂ ಕಂಪ್ಯೂಟರ್ ಬಂದವು. ಪಿರಿಯಾಪಟ್ಟಣದ ಖಾಸಗಿ ಶಾಲೆಗಳು, ಕೆ.ಆರ್. ನಗರದ ಅಕ್ಕಿ ಗಿರಣಿಗಳು, ಹೊಗೆಸೊಪ್ಪು ಕೊಳ್ಳುವವರ ಕಚೇರಿಗಳು, ಎಚ್.ಡಿ. ಕೋಟೆಯ ಒಂದು ಸಾಲದ ಸಂಘ, ಹೀಗೆ ಒಬ್ಬರನ್ನು ನೋಡಿ ಒಬ್ಬರು ತಂದಿಟ್ಟುಕೊಂಡರು. ಕೆಟ್ಟರೆ ಏನು ಮಾಡಬೇಕೆಂದು ತಂದವರಿಗೆ ಗೊತ್ತಿರಲಿಲ್ಲ. ಯಜಮಾನರು ಅವರೊಂದಿಗೆ ತಿಂಗಳಿಗೆ ಇಷ್ಟು ಎಂದು ಕರಾರು ಮಾಡಿಕೊಂಡಿದ್ದರು. ತಿಂಗಳಿಗೊಮ್ಮೆ ಹೋಗಿ ನೋಡುವುದು, ದೂಳು ತೆಗೆಯುವುದು, ವೈರಸ್ ತೆಗೆಯುವುದು ಕರಾರಿನ ಒಳಗಿನ ಕೆಲಸ. ಬಿಡಿಭಾಗ ಸುಟ್ಟುಹೋದರೆ, ಸಿಡಿಲು ಹೊಡೆದ ಮೇಲೆ ಎಲ್ಲವನ್ನೂ ಹೊಸದಾಗಿ ತುಂಬಬೇಕಾದರೆ, ಹೊಸ ಗುಮಾಸ್ತನಿಗೆ ಕಲಿಸಬೇಕಾದರೆ ಅದು ಹೊರಗಿನ ಕೆಲಸ. ಅದಕ್ಕೆ ಬೇರೆ ದರ, ತಿಂಗಳ ಬಿಲ್ಲಿನಲ್ಲೇ ಕೆಳಗೆ ಸೇರಿಸಬೇಕು.

ನನಗೆ ಕಂಪ್ಯೂಟರ್ ತಿಳಿಯದು. ಬಿಲ್ಲು ತಿಳಿಯುತ್ತದೆ. ನಾನು ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಟ್ರಂಕ್ ಕಾಲ್ ಹಾಕಿಕೊಡುವ ಹಲಗೆಯ ಮುಂದೆ. ಒಂದು ಕರೆಗೆ ಒಂದು ಚೀಟಿ. ಯಾರು, ಯಾವ ಊರಿಗೆ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು. ಮಾತನಾಡುವವರು ಅಳುತ್ತಿರಲಿ, ಜಗಳವಾಡುತ್ತಿರಲಿ, ನಮ್ಮ ಕಣ್ಣು ಗಡಿಯಾರದ ಮೇಲಿರಬೇಕು. ಚೀಟಿ ಬರೆಯದ ಕರೆ ನಮ್ಮ ಪಾಲಿಗೆ ಆಗಿಲ್ಲದ ಕರೆ. ಎಸ್‌ಟಿಡಿ ಬಂದು ಆ ಹಲಗೆ ಮೂಲೆ ಸೇರಿದ ಮೇಲೆ ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೆ. ಯಜಮಾನರ ಅಂಗಡಿಗೆ ಆಗೊಮ್ಮೆ ಈಗೊಮ್ಮೆ ಹೋಗುತ್ತಿದ್ದೆನೇ ಹೊರತು ಅವರ ಕಾಗದ ಪತ್ರ ಮುಟ್ಟಿದವಳಲ್ಲ.

ಮುಟ್ಟಿದ ಮೇಲೆ ಗೊತ್ತಾಯಿತು. ಹಿಂದಿನ ತಿಂಗಳ ಬಿಲ್ಲನ್ನೇ ತೆಗೆದು ತಾರೀಖು ಬದಲಾಯಿಸಿ ಮತ್ತೆ ಅಚ್ಚು ಮಾಡುವುದು ಅವರ ಪದ್ಧತಿ. ಹಾಗಾಗಿ ಒಂದು ಸಲ ಆದ ತಪ್ಪು ಪ್ರತಿ ತಿಂಗಳೂ ಹೊಸದಾಗಿ ಹೊರಡುತ್ತಿತ್ತು. ಪಿರಿಯಾಪಟ್ಟಣದ ಒಂದು ಶಾಲೆಯ ಬಿಲ್ಲು ಎಂದೋ ತೀರಿಕೊಂಡಿದ್ದ ಅಧ್ಯಕ್ಷರ ಹೆಸರಿಗೆ ಹೋಗುತ್ತಿತ್ತು. ಅವರ ಮಗ ಅದನ್ನು ಬಿಚ್ಚಿ ಓದದೆ ದೇವರ ಗೂಡಿನ ಪಕ್ಕ ಇಡುತ್ತಿದ್ದನಂತೆ. ಕೆ.ಆರ್. ನಗರದ ಗಿರಣಿಯೊಂದರಲ್ಲಿ ಕೆಟ್ಟು ತೌಡಿನ ಮೂಟೆಯ ಹಿಂದೆ ಬಿದ್ದಿದ್ದ ಕಂಪ್ಯೂಟರಿಗೂ ತಿಂಗಳ ಹಣ ಹಾಕಿದ್ದೆವು. ಹೊಗೆಸೊಪ್ಪಿನ ಕಚೇರಿಗಳು ಹರಾಜು ಮುಗಿದೊಡನೆ ಬೀಗ ಹಾಕಿ ಹೊರಟುಬಿಡುತ್ತವೆ. ನಮ್ಮ ಬಿಲ್ಲುಗಳು ಮುಚ್ಚಿದ ಷಟರಿನ ಕೆಳಗೆ ತೂರಿ ಅಲ್ಲೇ ಗೆದ್ದಲು ಹಿಡಿಯುತ್ತಿದ್ದವು. ಹೊಸ ದರ ಮಾತಾಗಿ ವರ್ಷ ಕಳೆದಿದ್ದರೂ ಹಳೆಯ ದರದಲ್ಲೇ ಇದ್ದವರು ಕೆಲವರು. ಇವೆಲ್ಲ ಕುಳಿತು ಸರಿಮಾಡಬಹುದಾದ ತಪ್ಪುಗಳು. ಕುಳಿತೆ, ಸರಿಮಾಡಿದೆ. ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಒಂದೊಂದೇ ಊರಿನ ಕಟ್ಟು ಬಿಚ್ಚುತ್ತಿದ್ದೆ. ಅವರ ಕನ್ನಡಕ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ಆಚೆ ಸರಿಸಿ ಪಿನ್ನಿನ ಡಬ್ಬ ತೆಗೆದುಕೊಳ್ಳುತ್ತಿದ್ದೆ.

ಸರಿಹೋಗದೆ ಉಳಿದದ್ದು ಕೋಟೆ ಕಡೆಯ ಬಿಲ್ಲುಗಳು. ಎಚ್.ಡಿ. ಕೋಟೆಯಿಂದ ಆಚೆ ಕೇರಳದ ಗಡಿಯವರೆಗೆ ನಮ್ಮ ಗಿರಾಕಿಗಳಿದ್ದರು. ಆ ಕಡೆ ಕರೆಂಟಿನ ಆಟ ಜಾಸ್ತಿ, ಸಿಡಿಲೂ ಜಾಸ್ತಿ. ಹೊರಗಿನ ಕೆಲಸ ಬೇಕಾದಷ್ಟು ಇರಲೇಬೇಕು. ಕಪಾಟಿನಿಂದ ಬಿಡಿಭಾಗಗಳು ಹೋಗುತ್ತಿದ್ದವು. ನಮ್ಮ ಮೆಕ್ಯಾನಿಕ್ ಇಡೀ ದಿನ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ. ಬಿಲ್ಲಿನಲ್ಲಿ ಮಾತ್ರ ಕರಾರಿನ ಮೊತ್ತ ಬಿಟ್ಟರೆ ಒಂದು ಸಾಲೂ ಇಲ್ಲ. ಬೇರೆ ಊರುಗಳಿಂದ ಅದೇ ಮೆಕ್ಯಾನಿಕ್ ಮಾಡಿದ ಹೊರಗಿನ ಕೆಲಸ ಬರೆದು ಗಿರಾಕಿಯ ಸಹಿ ಹಾಕಿಸಿದ ಚೀಟಿ ತರುತ್ತಿದ್ದ. ಕೋಟೆಯಿಂದ ಬರಿಗೈ.

ಅವನಿಗೆ ಆಗ ನಲವತ್ತು ದಾಟಿತ್ತು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ರೇಡಿಯೋ ಕೇಳುವವರು ಕಡಿಮೆಯಾದಾಗ ಯಜಮಾನರು ಕರೆದು ಈ ಕೆಲಸ ಕಲಿಸಿದ್ದರು. ಓದುವ ಹೆಣ್ಣುಮಕ್ಕಳಿಬ್ಬರು, ಜೊತೆಗೆ ತಾಯಿ. ಪರೀಕ್ಷೆ ಬರೆದು ಪಡೆದ ಕಾಗದ ಒಂದೂ ಇಲ್ಲ. ಇಲ್ಲಿ ಬಿಟ್ಟರೆ ಇನ್ನೊಂದು ಕಡೆ ಅವನನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ನನ್ನ ಮೈದುನನಿಗೂ ಗೊತ್ತಿತ್ತು. ಯಜಮಾನರ ತಮ್ಮ ಅವನು, ಕೆ.ಆರ್. ನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ನಮ್ಮ ಅಂಗಡಿಗೂ ಅವನ ಬಂಡವಾಳ ಇತ್ತು, ಆದ್ದರಿಂದ ಕೇಳುವ ಹಕ್ಕೂ ಇತ್ತು. ತಿಂಗಳಿಗೊಮ್ಮೆ ಬಂದು ಬಿಲ್ಲುಗಳ ನಕಲನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದ. ಕೋಟೆಯ ಕಟ್ಟು ನೋಡಿ ಮೆಲ್ಲಗೆ ನಕ್ಕ.

"ನಿಮ್ಗಿನ್ನೂ ಗೊತ್ತಾಗ್ಲಿಲ್ವಾ ಅತ್ತಿಗೆ? ಅಲ್ಲಿ ಕೈಗೆ ಇಸ್ಕೊತಾನೆ, ಇಲ್ಲಿ ಬಂದು ಏನಿಲ್ಲ ಅಂತಾನೆ. ಅಣ್ಣ ಇದ್ದಾಗ್ಲೂ ಇದೇ ಕಥೆ. ಅವ್ನನ್ನ ಬುಡ್ಸಿ. ಮೈಸೂರಿಂದ ಓದಿರೋ ಹುಡ್ಗನ್ನ ತತ್ತೀನಿ."

ಕಳ್ಳತನ ಖಚಿತವಾಗದೆ ಬಿಡಿಸುವುದಿಲ್ಲ ಎಂದೆ. ಹಾಗಾದರೆ ಮುಂದಿನ ತಿಂಗಳು ತಾನು ಬರುವಷ್ಟರಲ್ಲಿ ಖಚಿತ ಮಾಡಿಕೊಳ್ಳಿ ಎಂದು ಹೇಳಿ ಹೋದ. ಮೆಕ್ಯಾನಿಕ್ ಹಿಂದಿನ ಕೋಣೆಯಲ್ಲೇ ಕೀಬೋರ್ಡು ಬಿಚ್ಚಿಕೊಂಡು ಕೂತಿದ್ದ. ಕೇಳಿಸದಿರಲು ಸಾಧ್ಯವಿರಲಿಲ್ಲ.

ನಾನು ಸುತ್ತಿ ಬಳಸಿ ಮಾತನಾಡುವವಳಲ್ಲ. ಕರೆದು ಕೇಳಿದೆ. ಕೋಟೆಯಲ್ಲಿ ಹೊರಗಿನ ಕೆಲಸ ಮಾಡಿದ್ದೀಯ ಎಂದರೆ, ಮಾಡಿದ್ದೇನೆ ಎಂದ. ಎಷ್ಟು ಎಂದರೆ ನೆನಪಿಲ್ಲ ಎಂದ. ಹಣ ತೆಗೆದುಕೊಂಡಿದ್ದೀಯ ಎಂದರೆ ಇಲ್ಲ ಎಂದ. ಮತ್ತೆ ಚೀಟಿ ಯಾಕೆ ಬರೆದಿಲ್ಲ ಎಂದಾಗ ನೆಲ ನೋಡಿದ.

"ಅದ್ನ ಏನಂತ ಬರ್ಯೋದು ಬುಡಿ ಅಕ್ಕಾವ್ರೇ. ಅಲ್ಲೇ ಉಂಡಿರ್ತೀನಿ."

ಉಂಡದ್ದಕ್ಕೂ ಬರೆಯದಿದ್ದಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಸಿಕ್ಕಿಬಿದ್ದವರು ಇಂಥದ್ದೇನನ್ನೋ ಹೇಳುತ್ತಾರೆ ಎಂದುಕೊಂಡೆ. ಮುಂದಿನ ಸಲ ಹೋಗುವಾಗ ನಾನೂ ಬರುತ್ತೇನೆ ಎಂದೆ.

ಬೆಳಗಿನ ಬಸ್ಸಿಗೆ ಹೊರಟೆವು. ಅವನು ಹಿಂದಿನ ಸೀಟಿನಲ್ಲಿ ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ಇಬ್ಬರಿಗೂ ಆಗುವಷ್ಟು ಚಿತ್ರಾನ್ನ ಕಟ್ಟಿಕೊಂಡಿದ್ದೆ. ಯಜಮಾನರಿಗೂ ಕೋಟೆಯ ದಿನ ತಪ್ಪದೆ ಡಬ್ಬಿ ಕಟ್ಟಿಕೊಡುತ್ತಿದ್ದೆ, ಆ ಕಡೆ ಹೊತ್ತಿಗೆ ಸರಿಯಾಗಿ ಊಟ ಸಿಗುವುದಿಲ್ಲವೆಂದು.

ಸಾಲದ ಸಂಘ ಕೋಟೆಯ ಒಂದು ಹಳೆಯ ಮನೆಯ ಮುಂಭಾಗದಲ್ಲಿತ್ತು. ಹಿಂಭಾಗದಲ್ಲಿ ಕಾರ್ಯದರ್ಶಿಯ ಸಂಸಾರ. ನಡುವೆ ಒಂದೇ ಬಾಗಿಲು, ಅದಕ್ಕೊಂದು ಪರದೆ. ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬ ಸುಟ್ಟುಹೋಗಿತ್ತು. ಮೆಕ್ಯಾನಿಕ್ ಹೊಸದು ಹಾಕಿದ. ಪ್ರಿಂಟರಿನೊಳಗೆ ಸಿಕ್ಕಿದ್ದ ಕಾಗದ ತೆಗೆದ. ಹೊಸದಾಗಿ ಬಂದಿದ್ದ ಗುಮಾಸ್ತೆಗೆ ಪಾಸ್‌ಬುಕ್ ಅಚ್ಚು ಮಾಡುವುದನ್ನು ತೋರಿಸಿಕೊಟ್ಟ. ಮೂರೂ ಹೊರಗಿನ ಕೆಲಸ. ನಾನು ಬೆಂಚಿನ ಮೇಲೆ ಕೂತು ಗಡಿಯಾರ ನೋಡಿಕೊಂಡಿದ್ದೆ.

ಅವನು ಚೀಲದಿಂದ ಚೀಟಿಯ ಪುಸ್ತಕ ತೆಗೆದು ಮೇಲಿನ ಹಾಳೆಯಲ್ಲಿ ತಾರೀಖು ಬರೆದ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಕಾರ್ಯದರ್ಶಿಯ ತಾಯಿ ಕೂಗಿದರು. "ಬಾರ್ಲಾ, ಮುದ್ದೆ ಆರೋಯ್ತದೆ."

ಪುಸ್ತಕ ಮತ್ತೆ ಚೀಲಕ್ಕೆ ಹೋಯಿತು. ಅವನು ಕೈ ತೊಳೆಯಲು ಎದ್ದ.

ಹೆಂಗಸು ಬಂದಿದ್ದಾಳೆಂದು ತಿಳಿದು ಆಕೆ ನನ್ನನ್ನೂ ಕರೆಯಲು ಹೊರಗೆ ಬಂದರು. ಹಣ್ಣಾದ ಮುದುಕಿ, ಬೋಳು ಹಣೆ. ಡಬ್ಬಿ ತಂದಿದ್ದೇನೆ ಎಂದೆ. ಆಕೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೆಕ್ಯಾನಿಕ್ ಒಳಗಿನಿಂದಲೇ, ಇವರು ಅಣ್ಣೋರ ಮನೆಯವರು ಎಂದು ಹೇಳಿದ. ಆಕೆ ನನ್ನ ಹಣೆ ನೋಡಿದರು, ಕುತ್ತಿಗೆ ನೋಡಿದರು. ಸುದ್ದಿ ಕೇಳಿದ್ದರು.

"ಬಾ ಕಣವ್ವ, ಕುಂತ್ಕೊ. ಆವಪ್ಪನೂ ಇಲ್ಲೇ ಉಣ್ತಿದ್ದ, ಆ ಕಂಬ್ದ ತಾವ. ಸೊಪ್ಪಿನ ಸಾರು ಅಂದ್ರೆ ಎರಡನೇ ಮುದ್ದೆ ಬ್ಯಾಡ ಅಂತಿರ್ಲಿಲ್ಲ."

ಕಂಬದ ಹತ್ತಿರ ಕುಳಿತೆ. ಯಜಮಾನರು ಮನೆಯಲ್ಲಿ ಮುದ್ದೆ ಉಣ್ಣುತ್ತಿರಲಿಲ್ಲ. ಹೊಟ್ಟೆ ಭಾರವಾಗುತ್ತದೆ ಎನ್ನುತ್ತಿದ್ದರು. ಹಾಗಾದರೆ ನಾನು ಕಟ್ಟಿಕೊಡುತ್ತಿದ್ದ ಡಬ್ಬಿ ಏನಾಗುತ್ತಿತ್ತು ಎಂದು ಮೆಕ್ಯಾನಿಕ್‌ನನ್ನು ಕೇಳಿದೆ.

"ನಾನ್ ತಿಂತಿದ್ದೆ ಅಕ್ಕಾವ್ರೇ," ಎಂದ. "ಬಸ್ನಲ್ಲೇ, ಬೆಳಿಗ್ಗೇನೇ. ಚೆನ್ನಾಗಿರ್ತಿತ್ತು."

ಮುದುಕಿ ನಕ್ಕರು. ಆಗ ನನಗೆ ಏನಾದರೂ ಅನ್ನಿಸಬೇಕಿತ್ತು. ನೋವೋ, ಸಿಟ್ಟೋ, ಕಡೆಗೆ ನಗುವೋ. ಅನ್ನಿಸಬೇಕಾದ ಜಾಗ ಅದು ಎಂದು ಗೊತ್ತಾಯಿತು, ಅಷ್ಟೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದೆ. ಬಿಸಿ ಇತ್ತು. ಉಂಡೆ.

ಊಟವಾದ ಮೇಲೆ ಹೊರಗೆ ಬಂದು, ಈಗ ಬರೆಸಿಕೊ ಎಂದು ಅವನಿಗೆ ಹೇಳಿದೆ. ಅವನು ಚೀಲದ ಬಾರು ತಿರುಚುತ್ತ ನಿಂತ.

"ಉಂಡ ಮನೆ ಜಂತೆ ಎಣಿಸ್ಬಾರ್ದು ಅಂತಾರೆ. ನೀವು ಬಿಲ್ ಹಾಕು ಅಂತೀರಲ್ಲ ಅಕ್ಕಾವ್ರೇ. ಆ ಅವ್ವ ಇಕ್ಕುದ್ ಕೈ ಇನ್ನೂ ತೊಳ್ದಿಲ್ಲ."

ಕಳ್ಳತನವಿಲ್ಲವೆಂದು ನನಗೆ ಖಚಿತವಾದದ್ದು ಆಗ. ಕೆ.ಆರ್. ನಗರದ ಗಿರಣಿಗಳಲ್ಲಿ ಅವನಿಗೆ ಒಂದು ಲೋಟ ಕಾಫಿ ಕೊಟ್ಟವರಿಲ್ಲ. ಅಲ್ಲಿಂದ ಒಂದು ತಂತಿಯ ತುಂಡಿಗೂ ಚೀಟಿ ಬರುತ್ತಿತ್ತು. ಕೋಟೆಯ ಕಡೆ ಹೋದಲ್ಲೆಲ್ಲ ಎಲೆ ಹಾಕುತ್ತಿದ್ದರು. ಯಜಮಾನರೇ ಅಲ್ಲಿ ಉಂಡು ಚೀಟಿ ಬರೆಯದೆ ಎದ್ದು ಬರುತ್ತಿದ್ದರು. ಇವನು ಅವರಿಂದ ರಿಪೇರಿ ಕಲಿತ ಹಾಗೆಯೇ ಇದನ್ನೂ ಕಲಿತಿದ್ದ.

ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ನಾನೇ ಬರೆದೆ. ಹೊಸ ಡಬ್ಬ, ಪ್ರಿಂಟರ್, ಕಲಿಸಿದ ಹೊತ್ತು. ಕಾರ್ಯದರ್ಶಿಯ ಮುಂದಿಟ್ಟೆ. ಅವರು ಮುಖ ಗಂಟಿಕ್ಕಿಕೊಳ್ಳಬಹುದೆಂದು ನಾನೂ ಸಿದ್ಧಳಾಗಿದ್ದೆ. ಅವರು ಓದಿ, ಸಹಿ ಹಾಕಿ, ಮೊಹರು ಒತ್ತಿದರು.

"ಇದ್ನ ಯಾಕೆ ಇಷ್ಟು ದಿನ ಕೊಡ್ಲಿಲ್ಲ ನೀವು?" ಎಂದು ಕೇಳಿದರು. "ಊಟ ನಮ್ಮ ಮನೇದು ಕಣ್ರೀ. ಕಂಪ್ಯೂಟರ್ ಸಂಘದ್ದು. ರಿಪೇರಿಗೆ ಅಂತ ವರ್ಷ ವರ್ಷ ದುಡ್ಡು ಇಡ್ತೀವಿ, ಖರ್ಚಾಗ್ದೆ ವಾಪಸ್ ಹೋಯ್ತದೆ."

ಪರದೆಯ ಆಚೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಮೆಕ್ಯಾನಿಕ್ ಆ ಕಡೆಗೇ ನೋಡುತ್ತಿದ್ದ. ಕಾರ್ಯದರ್ಶಿಯ ಮಾತು ನನಗೆ ಸ್ಪಷ್ಟವಾಗಿತ್ತು. ಅವನಿಗೆ ಅದು ತಲುಪಿದಂತೆ ಕಾಣಲಿಲ್ಲ.

ಅಲ್ಲಿಂದ ಎನ್. ಬೇಗೂರಿಗೆ ಹೋದೆವು. ಅಲ್ಲೊಬ್ಬರು ಶುಂಠಿ ವ್ಯಾಪಾರಿ. ಕೇರಳಕ್ಕೆ ಲಾರಿ ಕಳಿಸುವ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದರು. ಜಗಲಿಯಲ್ಲೇ ವ್ಯಾಪಾರ, ಜಗಲಿಯಲ್ಲೇ ಕಂಪ್ಯೂಟರ್, ಜಗಲಿಯಲ್ಲೇ ಊಟ. ಇಲ್ಲಿ ಮನೆಯೂ ಅವರದೇ, ಯಂತ್ರವೂ ಅವರದೇ. ಬೇಡವೆಂದರೂ ಬಾಳೆಹಣ್ಣು, ಕಾಫಿ ಬಂತು. ಹಿಂದಿನ ತಿಂಗಳು ಸಿಡಿಲು ಹೊಡೆದು ಎಲ್ಲವನ್ನೂ ಮತ್ತೆ ತುಂಬಿಕೊಟ್ಟದ್ದಕ್ಕೆ ಬಿಲ್ಲು ಹಾಕಬೇಕಿದೆ ಎಂದೆ. ವ್ಯಾಪಾರಿ ಮರ್ಯಾದೆಯಿಂದಲೇ ಹೇಳಿದರು. "ಅಣ್ಣೋರು ನಮ್ ತಾವ ತಿಂಗ್ಳ ದುಡ್ನಲ್ಲೇ ಎಲ್ಲಾ ಸೇರ್ತು ಅಂದಿದ್ರು ತಾಯಿ. ಅವ್ರ ಮಾತು ಇಲ್ಲ ಅನ್ನೋದಾದ್ರೆ ನೀವು ಯೋಳಿ, ಈಗ್ಲೇ ಕೊಡ್ತೀನಿ."

ಯಜಮಾನರು ಹಾಗೆ ಹೇಳಿದ್ದರೋ ಇಲ್ಲವೋ, ಕರಾರಿನಲ್ಲಿ ಇರಲಿಲ್ಲ. ಹೇಳಿರಬಹುದು. ಕೇಳೋಣವೆಂದರೆ ಅವರಿಲ್ಲ. ವರ್ಷದ ಕರಾರು ಮುಗಿಯುವವರೆಗೆ ಹಾಗೆಯೇ ಇರಲಿ, ಮುಂದಿನದರಲ್ಲಿ ಬರೆದುಕೊಳ್ಳೋಣ ಎಂದೆ. ವ್ಯಾಪಾರಿ ಒಪ್ಪಿದರು.

ಮೈದುನ ಹೇಳಿದ ದಿನ ಬಂದ. ಕಂಡದ್ದನ್ನು ಹೇಳಿದೆ. ಮೆಕ್ಯಾನಿಕ್ ಹಣ ಮುಟ್ಟಿಲ್ಲ, ಊಟ ಮಾಡಿದ ಕಡೆ ಬರೆಯಲು ಅವನಿಂದ ಆಗುತ್ತಿಲ್ಲ ಎಂದೆ. ಮೈದುನ ಪೂರ್ತಿ ಕೇಳಿಸಿಕೊಂಡ.

"ದುಡ್ಡು ತಿಂದ್ರೂ ಅಷ್ಟೇ, ಮುದ್ದೆ ತಿಂದ್ರೂ ಅಷ್ಟೇ ಅತ್ತಿಗೆ. ಅಂಗ್ಡಿಗೆ ಬಂದಿದ್ದು ಸೊನ್ನೆ ತಾನೇ?"

ಅದು ಸುಳ್ಳಲ್ಲ. ಇನ್ನೊಂದು ತಿಂಗಳು ನೋಡುವುದು, ಆಗಲೂ ಕೋಟೆಯ ಬಿಲ್ಲು ಏಳದಿದ್ದರೆ ಅವನನ್ನು ಬಿಡಿಸುವುದು ಎಂದು ತೀರ್ಮಾನವಾಯಿತು. ಮೆಕ್ಯಾನಿಕ್‌ನನ್ನು ಕರೆದು ಹೇಳಿದ್ದು ನಾನೇ. ಜೊತೆಗೆ ಒಂದು ನಿಯಮ ಮಾಡಿಕೊಟ್ಟೆ. ಕೆಲಸ ಮುಗಿದ ಕೂಡಲೇ, ಕೈ ತೊಳೆಯುವ ಮೊದಲು, ಚೀಟಿಗೆ ಸಹಿ. ಸಹಿಯಾದ ಮೇಲೆ ಉಣ್ಣು, ಮಲಗು, ನನಗೆ ಸಂಬಂಧವಿಲ್ಲ. ಅವನು ತಲೆಯಾಡಿಸಿದ.

ಆ ತಿಂಗಳು ಕೋಟೆಯಿಂದ ಚೀಟಿಗಳು ಬಂದವು. ಒಂದೂ ತಪ್ಪಲಿಲ್ಲ. ನಿಯಮ ಕೆಲಸ ಮಾಡಿತು ಎಂದುಕೊಂಡೆ. ಒಂದು ಸಂಜೆ ಬಸ್ಸಿಳಿದು ಬಂದವನು ಚೀಟಿಗಳನ್ನು ಮೇಜಿನ ಮೇಲಿಟ್ಟು, ಹಿಂದಿನ ಕೋಣೆಗೆ ಹೋಗಿ ಚೊಂಬು ನೀರು ಒಂದೇ ಉಸಿರಿಗೆ ಕುಡಿದ. ಇನ್ನೊಂದು ಚೊಂಬು ತುಂಬಿಕೊಂಡ. ಬೆಳಿಗ್ಗೆಯಿಂದ ಏನು ತಿಂದೆ ಎಂದು ಕೇಳಿದೆ. ಏನೂ ಇಲ್ಲ ಎಂದ. ಯಾಕೆ, ಕರೆಯಲಿಲ್ಲವೇ ಎಂದೆ.

"ಕರೀತಾರೆ. ಸೈನ್ ಇಸ್ಕೊಂಡ್ಮೇಲೆ ಎಂಗೆ ಕುಂತ್ಕೊಳ್ಳಾದು ಅಕ್ಕಾವ್ರೇ? ಹೊಟ್ಟೆ ಸರಿ ಇಲ್ಲ ಅಂತೀನಿ. ಆ ಅವ್ವ ಹೋದಾಗ್ಲೆಲ್ಲ ಕಷಾಯ ಕಾಯ್ಸಿಕೊಡಾಕೆ ಬತ್ತದೆ."

ಬರೆದರೆ ಉಣ್ಣಲಾರ, ಉಂಡರೆ ಬರೆಯಲಾರ. ಇದನ್ನು ನಿಯಮದಿಂದ ಸರಿಮಾಡಲು ಬರುವುದಿಲ್ಲ ಎಂದು ನನಗೆ ಅರ್ಥವಾಯಿತು. ಹಸಿದ ಮನುಷ್ಯನನ್ನು ತಿಂಗಳುಗಟ್ಟಲೆ ಆ ದಾರಿಗೆ ಕಳಿಸಲೂ ಬರುವುದಿಲ್ಲ. ಮಾರನೆಯ ದಿನ ಎಕ್ಸ್‌ಚೇಂಜಿನಲ್ಲಿ ಪಾಳಿ ಬದಲಾಯಿಸುತ್ತಿದ್ದ ಹಾಗೆ ದಾರಿ ಬದಲಾಯಿಸಿದೆ. ಅವನಿಗೆ ಕೆ.ಆರ್. ನಗರ ಮತ್ತು ಪಿರಿಯಾಪಟ್ಟಣ. ಕೋಟೆಯ ಕಡೆಗೆ ಮೈದುನ ಹೇಳುತ್ತಿದ್ದ ಮೈಸೂರಿನ ಓದಿದವನನ್ನೇ ತೆಗೆದುಕೊಂಡೆ. ಖರ್ಚು ಹೆಚ್ಚಾಯಿತು, ಕೋಟೆಯ ಹೊರಗಿನ ಕೆಲಸದ ಹಣ ಬರತೊಡಗಿದ್ದರಿಂದ ತೂಗಿತು. ಮೈದುನನಿಗೆ ಲೆಕ್ಕ ತೋರಿಸಿದೆ. ಅವನು ಮತ್ತೆ ಬಿಡಿಸುವ ಮಾತೆತ್ತಲಿಲ್ಲ.

ದಾರಿ ಬದಲಾಯಿತೆಂದಾಗ ಮೆಕ್ಯಾನಿಕ್ ಆಗಲಿ ಎಂದ. ಕೆಲಸ ಉಳಿಯಿತು ಎಂದು ಅವನ ಹೆಂಡತಿ ಅಂಗಡಿಯವರೆಗೆ ಬಂದು ಒಂದು ಸೇರು ಅವರೆಕಾಳು ಕೊಟ್ಟುಹೋದಳು. ಅವನು ಮಾತ್ರ ಒಂದು ವಾರ ಸಾಮಾನಿನ ಚೀಲವನ್ನು ಕೋಟೆಯ ದಿನಕ್ಕೆಂದೇ ಜೋಡಿಸಿ, ಮತ್ತೆ ಬಿಚ್ಚುತ್ತಿದ್ದ.

ಹೊಸಬನಿಗೆ ಅಂಥ ತೊಂದರೆ ಏನೂ ಇರಲಿಲ್ಲ. ಮೊದಲನೇ ದಿನವೇ ಸಂಘದಲ್ಲಿ ಹೊಟ್ಟೆ ತುಂಬ ಉಂಡು, ಎಂಜಲ ಕೈ ತೊಳೆದು, ಒದ್ದೆ ಕೈಯಲ್ಲೇ ಚೀಟಿಗೆ ಸಹಿ ಹಾಕಿಸಿಕೊಂಡು ಬಂದ. ಸಾರು ಬಹಳ ಚೆನ್ನಾಗಿತ್ತು ಮೇಡಂ ಎಂದ. ಬಿಲ್ಲು ಸರಿಯಾಗಿತ್ತು. ಆ ಮನೆಯವರಿಗೂ ಬೇಸರವಾದ ಸುದ್ದಿ ಬರಲಿಲ್ಲ. ಹಳಬ ಎಲ್ಲಿ ಎಂದು ಮುದುಕಿ ಕೇಳಿದರಂತೆ. ಹೊಟ್ಟೆ ಹೇಗಿದೆ ಈಗ ಎಂದೂ ಕೇಳಿದರಂತೆ. ಅದನ್ನು ಮೆಕ್ಯಾನಿಕ್‌ಗೆ ಹೇಳಿದೆ. ಅವನು ಸ್ಕ್ರೂ ಡ್ರೈವರ್ ಹುಡುಕುತ್ತಿದ್ದವನು ಹುಡುಕುತ್ತಲೇ ಇದ್ದ.

ಮುಂದಿನ ವರ್ಷ ಹೊಗೆಸೊಪ್ಪಿನ ಹರಾಜಿನ ದಿನಗಳಲ್ಲಿ ಮುದುಕಿ ತೀರಿಕೊಂಡರು. ಕಾರ್ಯದರ್ಶಿ ಅಂಗಡಿಗೆ ಫೋನ್ ಮಾಡಿ ತಿಥಿಗೆ ಕರೆದರು, ನನ್ನನ್ನೂ ಸೇರಿಸಿ. ನಾನು ಹೋಗಲಿಲ್ಲ. ಆ ಕಾಲದಲ್ಲಿ ಯಾರ ಮನೆಯ ತಿಥಿಗೂ ಹೋಗುತ್ತಿರಲಿಲ್ಲ. ಮೆಕ್ಯಾನಿಕ್ ಬಂದು ಒಂದು ದಿನದ ರಜೆ ಕೇಳಿದ. ಕೆಲಸ ಮೈತುಂಬ ಇದ್ದ ವಾರ ಅದು. ಕೊಟ್ಟೆ. ಸಂಬಳ ಹಿಡಿದುಕೊಳ್ಳಿ ಎಂದು ಅವನೇ ಹೇಳಿದ. ಹಿಡಿದುಕೊಂಡೆ.

ಅದಾದ ಮೇಲೆ ಕೋಟೆಗೆ ಹೋಗಿ ಬಂದ ಹೊಸಬ ನನ್ನ ಮುಂದೆ ಖಾಲಿ ಚೀಟಿ ಹಿಡಿದು ನಿಂತ. ಸಂಘದ ಪ್ರಿಂಟರಿನಲ್ಲಿ ಅಚ್ಚೊತ್ತುವ ತಲೆ ಬದಲಾಯಿಸಬೇಕೆಂದು ಸಾಮಾನು ತೆಗೆದುಕೊಂಡು ಹೋಗಿದ್ದನಂತೆ, ನೋಡಿದರೆ ಅದು ಆಗಲೇ ಬದಲಾಗಿದೆಯಂತೆ. ತಿಥಿಯ ದಿನ ಊಟವಾದ ಮೇಲೆ ನಿಮ್ಮವರೇ ಕೂತು ಮಾಡಿಕೊಟ್ಟು ಹೋದರಲ್ಲ ಎಂದು ಕಾರ್ಯದರ್ಶಿ ಹೇಳಿದರಂತೆ. ಇದನ್ನು ಯಾರ ಹೆಸರಿನಲ್ಲಿ ಬರೆಯಲಿ ಮೇಡಂ ಎಂದು ಕೇಳಿದ.

ಕಪಾಟಿನಲ್ಲಿ ನೋಡಿದೆ. ನಮ್ಮ ಪ್ರಿಂಟರ್ ತಲೆಗಳು ಇದ್ದಷ್ಟೂ ಇದ್ದವು. ಮೆಕ್ಯಾನಿಕ್ ಎಲ್ಲಿಂದಲೋ ಸ್ವಂತ ದುಡ್ಡಿನಲ್ಲಿ ತಂದಿದ್ದ. ಆ ದಿನ ಅವನು ರಜೆಯಲ್ಲಿದ್ದ, ಸಂಬಳವೂ ಇಲ್ಲ.

"ಅವತ್ತು ನಮ್ಮ ಅಂಗಡಿಯಿಂದ ಯಾರೂ ಕೋಟೆಗೆ ಹೋಗಿಲ್ಲ. ಬರೆಯಬೇಡ," ಎಂದೆ.

ತಿಂಗಳ ಕೊನೆಗೆ ಮೈದುನ ಬಂದು ಬಿಲ್ಲುಗಳ ನಕಲು ತಿರುವಿದ. ಕೋಟೆಯ ಸಂಘದ ಹಾಳೆಯ ಮೇಲೆ ಬೆರಳಿಟ್ಟು, ಈ ಸಲ ಬರೀ ಕರಾರಿನ ಮೊತ್ತವಿದೆಯಲ್ಲ ಅತ್ತಿಗೆ, ಸರಿಯಾಗಿ ನೋಡಿದಿರಾ ಎಂದು ಕೇಳಿದ. ನೋಡಿದ್ದೇನೆ ಎಂದೆ. ಮೆಕ್ಯಾನಿಕ್ ಹಿಂದಿನ ಕೋಣೆಯಲ್ಲಿ ಗಿರಣಿಯೊಂದರ ಕೀಬೋರ್ಡಿನಿಂದ ತೌಡು ಕೊಡವುತ್ತಿದ್ದ. ಮೈದುನ ಒಂದು ಗಳಿಗೆ ಆ ಕಡೆ ನೋಡಿ ಮುಂದಿನ ಹಾಳೆ ತಿರುವಿದ.